ಮೇ ತಿಂಗಳ ಬಿಸಿಲು ನಂಬಿ

ನನ್ನ ಅಲಾಟ್‌ಮೆಂಟಿನ ಮೊದಲ ವರ್ಷ, ಮೇ ತಿಂಗಳ ಎರಡನೇ ವಾರ. ನಾಲ್ಕು ದಿನ ಬಿಡದೆ ಒಳ್ಳೆಯ ಬಿಸಿಲು ಕಾಯ್ದಿತ್ತು. ಕಿಟಕಿಯ ಕಟ್ಟೆಯ ಮೇಲೆ ಆರು ವಾರ ಸಾಕಿದ್ದ ಝುಕಿನಿ, ರನ್ನರ್ ಬೀನ್ಸ್, ಕುಂಬಳದ ಸಸಿಗಳನ್ನೆಲ್ಲ ಒಂದೇ ಸಂಜೆಗೆ ಪಾತಿಗೆ ಇಳಿಸಿಬಿಟ್ಟೆ. ಪಕ್ಕದ ತಾಕಿನ ಹಿರಿಯರು ನಡುವಿನ ಕಾಲುದಾರಿಯಲ್ಲಿ ನಿಂತು ನೋಡಿ, "ಆಕಾಶ ಎಷ್ಟು ತಿಳಿಯಾಗಿದೆ, ಅಲ್ಲವೇ?" ಎಂದರು. ಹವಾಮಾನದ ಮಾತಾಡುವುದು ಇಂಗ್ಲಿಷರ ವಾಡಿಕೆ ಎಂದುಕೊಂಡು ನಾನೂ ಹೌದೆಂದು ನಕ್ಕೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದೊಂದು ಸಸಿಯೂ ಬಿಸಿನೀರು ಹೊಯ್ದಂತೆ ಕಪ್ಪಾಗಿ ಜೋತುಬಿದ್ದಿತ್ತು. ಮೋಡದ ಹೊದಿಕೆಯಿಲ್ಲದ ರಾತ್ರಿ ನೆಲದ ಕಾವೆಲ್ಲ ಮೇಲೆ ಹಾರಿಹೋಗಿ ಇಬ್ಬನಿ ಹೆಪ್ಪುಗಟ್ಟಿತ್ತು. ಅವರು ಹೇಳಿದ್ದು ಎಚ್ಚರಿಕೆಯ ಮಾತು, ನನಗೆ ಕೇಳಿಸಿದ್ದು ಕುಶಲೋಪರಿ.

ಅಲಾಟ್‌ಮೆಂಟ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಬ್ರಿಟನ್ನಿನ ಊರುಗಳಲ್ಲಿ ತರಕಾರಿ, ಹಣ್ಣು ಬೆಳೆದುಕೊಳ್ಳಲು ಹೆಚ್ಚಾಗಿ ಸ್ಥಳೀಯ ಆಡಳಿತವೇ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ ಅದು. ಜನ ಕೇಳಿದರೆ ನೆಲ ಒದಗಿಸಬೇಕೆಂಬ ಹೊಣೆಯನ್ನು ಆಡಳಿತಗಳ ಮೇಲೆ ಹೊರಿಸುವ 1908ರ ಕಾಯ್ದೆ ಇಂದಿಗೂ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ಅಳತೆ ಈಗಲೂ ಹಳೆಯ 'ರಾಡ್' ಲೆಕ್ಕದಲ್ಲಿ. ಪೂರ್ಣ ತಾಕು 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನನ್ನದು ಅರ್ಧ ತಾಕು. ಬೆಳೆ ಮುಖ್ಯವಾಗಿ ಮನೆಮಂದಿಗಾಗಿಯೇ ಇರಬೇಕು, ವ್ಯಾಪಾರಕ್ಕಲ್ಲ. ಸರದಿ ಪಟ್ಟಿಯಲ್ಲಿ ಎರಡೂವರೆ ವರ್ಷ ಕಾದ ಮೇಲೆ ನನಗೆ ಸಿಕ್ಕಿದ್ದು ಮೊಣಕಾಲೆತ್ತರದ ಹುಲ್ಲು ಮತ್ತು ನೆಲದಡಿ ಬಿಳಿ ದಾರದ ಉಂಡೆಯಂತೆ ಹೆಣೆದುಕೊಂಡಿದ್ದ ಬೈಂಡ್‌ವೀಡ್ ಬೇರು. ಈ ಬಳ್ಳಿಯ ಬೇರನ್ನು ಸಲಿಕೆಯಿಂದ ಕತ್ತರಿಸಿದರೆ ಪ್ರತಿ ತುಂಡೂ ಹೊಸ ಬಳ್ಳಿಯಾಗುತ್ತದೆ. ಯಂತ್ರದಿಂದ ಉಳುಮೆ ಮಾಡಿಸಬೇಡಿ ಎಂದು ಹೇಳಿದವರ ಮಾತು ಕೇಳಿದ್ದರಿಂದ ಆ ಒಂದು ಅನಾಹುತವಾದರೂ ತಪ್ಪಿತು.

ಈಗ ಎಂಟು ವರ್ಷ. ಈ ಅವಧಿಯಲ್ಲಿ ನಾನು ಕಳೆದುಕೊಂಡದ್ದೆಲ್ಲ ಹೆಚ್ಚುಕಡಿಮೆ ಮೇ, ಜೂನ್ ತಿಂಗಳುಗಳಲ್ಲೇ, ಅದೂ ನನ್ನ ಅವಸರದಿಂದಲೇ. ಮಳೆಗಾಲವೋ ಚಳಿಗಾಲವೋ ನನಗೆ ಅಷ್ಟು ಕೇಡು ಮಾಡಿಲ್ಲ.

ಹೆಪ್ಪುಗಟ್ಟುವ ಇಬ್ಬನಿಯ ವಿಷಯವನ್ನೇ ಮೊದಲು ಮುಗಿಸುತ್ತೇನೆ. ಹವಾಮಾನ ವರದಿ ಹೇಳುವ ಉಷ್ಣಾಂಶ ನೆಲದಿಂದ ಸುಮಾರು 1.25 ಮೀಟರ್ ಎತ್ತರದಲ್ಲಿ ಅಳೆದದ್ದು. ತಿಳಿ ರಾತ್ರಿಯಲ್ಲಿ, ಗಾಳಿಯೂ ಆಡದಿದ್ದರೆ, ಸಸಿ ನಿಂತಿರುವ ನೆಲದ ಮಟ್ಟದಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರಬಹುದು. ಹಾಗಾಗಿ ರಾತ್ರಿಗೆ 4 ಡಿಗ್ರಿ ಎಂದು ಕಂಡರೆ ಸಾಕು, ಸಂಜೆ ಹೋಗಿ ಬಿಳಿ ತೆಳುಬಟ್ಟೆ ಹೊದಿಸಿ, ಅಂಚಿಗೆ ಇಟ್ಟಿಗೆ ಇಟ್ಟು ಬರುತ್ತೇನೆ. ಝುಕಿನಿ, ಬೀನ್ಸ್, ಟೊಮೆಟೊ ಜೂನ್ ಮೊದಲ ವಾರದವರೆಗೂ ಕುಂಡದಲ್ಲೇ. ಅದಕ್ಕೂ ಮುಂಚೆ ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತಂದು ಸಸಿಗಳನ್ನು ಹೊರಗಿನ ಗಾಳಿ ಬಿಸಿಲಿಗೆ ಹದಗೊಳಿಸುತ್ತೇನೆ. ಬೇಸರದ ಕೆಲಸ, ಮನೆಯವರ ಗೊಣಗಾಟ ಬೇರೆ. ಆದರೆ ಜೂನ್ 5ಕ್ಕೆ ನೆಟ್ಟ ಬೀನ್ಸ್, ಮೇ 10ಕ್ಕೆ ನೆಟ್ಟು ಚಳಿಗೆ ಮುದುಡಿ ನಿಂತ ಬೀನ್ಸನ್ನು ಜುಲೈ ಹೊತ್ತಿಗೆ ಹಿಂದೆ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ.

ಆಲೂಗಡ್ಡೆಗೆ ಬಟ್ಟೆಯೂ ಬೇಡ, ಮಣ್ಣೇ ಹೊದಿಕೆ. ಗಿಡ ಒಂದು ಗೇಣಾದಾಗ ಎರಡೂ ಕಡೆಯಿಂದ ಮಣ್ಣೇರಿಸಿ, ತುದಿಯ ನಾಲ್ಕೆಲೆ ಮಾತ್ರ ಕಾಣುವಂತೆ ಬಿಡುತ್ತೇನೆ. ಚಳಿ ತಡೆಯುತ್ತದೆ, ಸಾಲಿನ ಕಳೆ ಹೂತುಹೋಗುತ್ತದೆ, ಗಡ್ಡೆಗೆ ಬೆಳಕು ತಗುಲಿ ಹಸಿರಾಗುವುದೂ ತಪ್ಪುತ್ತದೆ. ಹಸಿರಾದ ಗಡ್ಡೆಯಲ್ಲಿ ಸೋಲನೈನ್ ಎಂಬ ವಿಷಕಾರಿ ಅಂಶ ಹೆಚ್ಚುತ್ತದೆ, ತಿನ್ನಬಾರದು.

ಇನ್ನು ಮೂರನೇ ವರ್ಷದ ಕಥೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗೊಬ್ಬರ ಹಾಕಿದರೆ ಕೆಡುಕಾದೀತೆಂದು ಯಾರೂ ಊಹಿಸುವುದಿಲ್ಲ. ಆ ಮಾರ್ಚಿನಲ್ಲಿ ಹತ್ತಿರದ ಕುದುರೆ ಲಾಯವೊಂದರಿಂದ ಒಂದು ಟ್ರೇಲರ್ ತುಂಬ ಲದ್ದಿ ಗೊಬ್ಬರ ತರಿಸಿದೆ. ಚೆನ್ನಾಗಿ ಕೊಳೆತು ಕಪ್ಪಾಗಿತ್ತು, ವಾಸನೆಯೂ ಇರಲಿಲ್ಲ, ಹಿಡಿಯಲ್ಲಿ ಹಿಂಡಿದರೆ ಪುಡಿಪುಡಿಯಾಗುತ್ತಿತ್ತು. ಅರ್ಧ ತಾಕಿಗೆಲ್ಲ ಧಾರಾಳವಾಗಿ ಹರಡಿದೆ. ಮೇ ಕೊನೆಗೆ ಆಲೂಗಡ್ಡೆಯ ಎಲೆಗಳು ಬೊಗಸೆಯಂತೆ ಮೇಲಕ್ಕೆ ಮಡಚಿಕೊಂಡವು. ಬ್ರಾಡ್ ಬೀನ್ಸ್ ತುದಿಗಳು ಬಿಗಿಹಿಡಿದ ಮಗುವಿನ ಮುಷ್ಟಿಯಂತೆ ಸುರುಟಿಕೊಂಡವು. ಜೂನಿನಲ್ಲಿ ನೆಟ್ಟ ಟೊಮೆಟೊ ಅಂತೂ ಟೊಮೆಟೊ ಎಂದು ಗುರುತೇ ಸಿಗದಂತೆ, ಎಲೆ ಸಪೂರವಾಗಿ, ಜರೀಗಿಡದ ಹಾಗೆ ಬೆಳೆಯಿತು. ರೋಗವೆಂದು ಕಿತ್ತು ಸುಟ್ಟೆ. ನೀರು ಕಡಿಮೆಯಾಯಿತೆಂದು ಇನ್ನಷ್ಟು ಹೊಯ್ದೆ. ಕೊನೆಗೆ ಅದೇ ಹಿರಿಯರು ಒಂದು ಎಲೆ ಕಿತ್ತು, ಕನ್ನಡಕ ಹಣೆಗೇರಿಸಿ ನೋಡಿ, "ಗೊಬ್ಬರ ಎಲ್ಲಿಂದ ತಂದಿರಿ?" ಎಂದು ಕೇಳಿದರು.

ವಿಷಯ ಏನೆಂದರೆ, ಹುಲ್ಲುಗಾವಲುಗಳಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಅಮಿನೋಪೈರಾಲಿಡ್ ಎಂಬ ಕಳೆನಾಶಕ ಸಿಂಪಡಿಸುತ್ತಾರೆ. ಹುಲ್ಲಿಗೆ ಏನೂ ಆಗುವುದಿಲ್ಲ. ಆ ಹುಲ್ಲು ತಿಂದ ಕುದುರೆಗೂ ಏನೂ ಆಗುವುದಿಲ್ಲ. ಆದರೆ ಔಷಧ ಅದರ ಹೊಟ್ಟೆಯಲ್ಲಿ ಕರಗದೆ ಲದ್ದಿಯಲ್ಲಿ ಹಾಗೆಯೇ ಹೊರಬರುತ್ತದೆ. ಗುಡ್ಡೆ ಹಾಕಿದ ಗೊಬ್ಬರದೊಳಗೆ ತಿಂಗಳುಗಟ್ಟಲೆ ಕೂತಿರುತ್ತದೆ. ಬೀನ್ಸ್, ಬಟಾಣಿ, ಆಲೂಗಡ್ಡೆ, ಟೊಮೆಟೊಗಳಿಗೆ ಅದರ ಲವಲೇಶ ತಗುಲಿದರೂ ಸಾಕು. ಲಾಯದವರಿಗೂ ಇದು ಗೊತ್ತಿರಲಿಲ್ಲ. ಅವರು ಹುಲ್ಲನ್ನು ಬೇರೆಯವರಿಂದ ಕೊಂಡಿದ್ದರು, ಕೊಟ್ಟವರು ಏನು ಸಿಂಪಡಿಸಿದ್ದರೆಂದು ಯಾರೂ ಕೇಳಿರಲಿಲ್ಲ. ಜಗಳವಾಡಲು ಹೋದವನು ಚಹಾ ಕುಡಿದು ವಾಪಸ್ ಬಂದೆ.

ಇದನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು, ಅವಕ್ಕೆ ಗಾಳಿ ಬೇಕು. ಆ ಬೇಸಿಗೆಯೆಲ್ಲ ಮಣ್ಣನ್ನು ತಿರುವಿ ಹಾಕಿದೆ. ಒಂದು ಭಾಗಕ್ಕೆ ಮಾತ್ರ ಸಿಹಿಜೋಳ ನೆಟ್ಟೆ. ಜೋಳ ಹುಲ್ಲಿನ ಜಾತಿಯದು, ಅದಕ್ಕೆ ಬಾಧಕವಿಲ್ಲ. ಅಂದಿನಿಂದ ಯಾರ ಗೊಬ್ಬರವನ್ನೂ ಪರೀಕ್ಷಿಸದೆ ಒಳಗೆ ಬಿಡುವುದಿಲ್ಲ. ಗುಡ್ಡೆಯ ನಾಲ್ಕೈದು ಕಡೆಯಿಂದ ಹಿಡಿಹಿಡಿ ತೆಗೆದು, ಅಂಗಡಿಯ ಕುಂಡದ ಮಣ್ಣಿನೊಂದಿಗೆ ಸಮಸಮ ಬೆರೆಸಿ ಮೂರು ಕುಂಡ ತುಂಬುತ್ತೇನೆ. ಇನ್ನು ಮೂರಕ್ಕೆ ಬರೀ ಕುಂಡದ ಮಣ್ಣು. ಆರಕ್ಕೂ ಬ್ರಾಡ್ ಬೀನ್ಸ್ ಬೀಜ ಹಾಕಿ, ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ಬೇರೆ ಬೇರೆ ತಟ್ಟೆಯಲ್ಲಿಟ್ಟು ನಾಲ್ಕು ವಾರ ಕಾಯುವುದು. ಗೊಬ್ಬರದ ಕುಂಡಗಳಲ್ಲಿ ಮಾತ್ರ ತುದಿ ಸುರುಟಿದರೆ ಗುಡ್ಡೆಯನ್ನು ಮುಟ್ಟುವುದಿಲ್ಲ. ಎರಡು ವರ್ಷದ ಹಿಂದೆ ಹೀಗೇ ಒಂದು ಟ್ರೇಲರ್ ಬೇಡವೆಂದೆ. ಬೇರೆಯವರಿಗೆ ಅದು ಅತಿರೇಕವೆನ್ನಿಸಿತು. ಅನ್ನಿಸಲಿ.

ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳು, ಇಲ್ಲಿನ ತೋಟಗಾರರ ನಿತ್ಯದ ಗೋಳು. ಮೊದಲು ನೀಲಿ ಗುಳಿಗೆ ಎರಚುತ್ತಿದ್ದರು. ಅದರಲ್ಲಿದ್ದ ಮೆಟಾಲ್ಡಿಹೈಡ್ ಎಂಬ ವಿಷ ಹಕ್ಕಿಗಳಿಗೆ, ಹೆಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿಗಳಿಗೆ ಅಪಾಯವೆಂದು 2022ರ ವಸಂತದಿಂದ ಹೊರಾಂಗಣದಲ್ಲಿ ಅದರ ಬಳಕೆ ನಿಷಿದ್ಧವಾಗಿದೆ. ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ ಎಲ್ಲ ಮಾಡಿ ನೋಡಿದೆ. ಮೊಟ್ಟೆ ಸಿಪ್ಪೆಯ ಮೇಲೆ ಅವು ರಾಜಬೀದಿಯಲ್ಲಿ ನಡೆದಂತೆ ನಡೆದುಹೋದವು. ನನಗೆ ಫಲ ಕೊಟ್ಟದ್ದು ಎರಡೇ. ಒಂದು, ಸಸಿಯನ್ನು ಎಳೆಯದರಲ್ಲಿ ನೆಡದೆ 9 ಸೆಂಟಿಮೀಟರ್ ಕುಂಡದಲ್ಲಿ ಕಾಂಡ ಬಲಿಯುವವರೆಗೆ ಬೆಳೆಸುವುದು. ಇನ್ನೊಂದು, ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಹೋಗಿ ಕೈಯಿಂದ ಆರಿಸುವುದು. ಜೂನಿನಲ್ಲಿ ಕತ್ತಲಾಗುವುದೇ ಹತ್ತು ಗಂಟೆ ದಾಟಿದ ಮೇಲೆ. ಒಂದು ರಾತ್ರಿ ಲೆಟಿಸ್ ಸಾಲೊಂದರಲ್ಲೇ 112 ಎಣಿಸಿದೆ. ಎಣಿಸಿದ್ದು ಯಾಕೋ ಗೊತ್ತಿಲ್ಲ, ಸಿಟ್ಟಿಗೇ ಇರಬೇಕು.

ಬ್ರಾಡ್ ಬೀನ್ಸಿಗೆ ನವೆಂಬರಿನಲ್ಲೇ ಬೀಜ ಹಾಕಿರುತ್ತೇನೆ. ಜೂನ್ ಆರಂಭಕ್ಕೆ ಬುಡದಲ್ಲಿ ಬೆರಳುದ್ದದ ಕಾಯಿ ಮೂಡುವಾಗ ತುದಿಗೆ ಕಪ್ಪು ಸಸ್ಯಹೇನು ಮುತ್ತಿಕೊಳ್ಳುತ್ತದೆ. ಮಸಿ ಬಳಿದಂತೆ, ಸಂದಿಲ್ಲದಂತೆ. ಕಾಯಿ ಕಚ್ಚಿದ ತಕ್ಷಣ ತುದಿಯ ನಾಲ್ಕು ಬೆರಳಿನಷ್ಟನ್ನು ಚಿವುಟಿಬಿಟ್ಟರೆ ಅವಕ್ಕೆ ಎಳೆ ರಸ ಸಿಗದು, ಗಿಡದ ಶಕ್ತಿಯೂ ಕಾಯಿಗೆ ಹೋಗುತ್ತದೆ. ಹೇನು ಹತ್ತುವ ಮೊದಲೇ ಚಿವುಟಿದರೆ ಆ ಕುಡಿಗಳು ಒಳ್ಳೆಯ ಸೊಪ್ಪು. ಹೇನಿನ ನಡುವೆ ಮೊಸಳೆಮರಿಯಂತಹ, ಬೂದುಗಪ್ಪು ಮೈಮೇಲೆ ಕಿತ್ತಳೆ ಚುಕ್ಕೆಯ ಹುಳುಗಳನ್ನು ಕಂಡು ಮೊದಲ ವರ್ಷ ಒಂದೊಂದನ್ನೂ ಹೊಸಕಿ ಹಾಕಿದ್ದೆ. ಅವು ಗುಲಗಂಜಿ ಹುಳುವಿನ ಮರಿಗಳು, ಹೇನು ತಿನ್ನಲು ಬಂದವು. ನನ್ನ ಆಳುಗಳನ್ನು ನಾನೇ ಕೊಂದಿದ್ದೆ.

ಹಣ್ಣಿನಲ್ಲಿ ಸ್ಟ್ರಾಬೆರಿಗೇ ನನ್ನ ಮೊದಲ ಮರ್ಯಾದೆ. ಕಾಯಿ ಭಾರಕ್ಕೆ ಬಾಗುವ ಹೊತ್ತಿಗೆ ಗಿಡದಡಿ ಒಣಹುಲ್ಲು ತೂರಿಸಬೇಕು, ಇಲ್ಲದಿದ್ದರೆ ಹಣ್ಣು ಒದ್ದೆ ಮಣ್ಣಿಗೆ ತಾಗಿ ಬೂಷ್ಟು ಹಿಡಿಯುತ್ತದೆ. ಹುಲ್ಲನ್ನು ಮುಂಚೆಯೇ ಹಾಸಿದರೆ ನೆಲದ ಕಾವು ಮೇಲೆ ಬಾರದೆ, ತಡವಾಗಿ ಬಿದ್ದು ಹೆಪ್ಪುಗಟ್ಟುವ ಇಬ್ಬನಿಗೆ ಹೂವು ಕರಕಾಗುತ್ತದೆ. ಹೂವಿನ ಹಳದಿ ನಡುಭಾಗ ಕಪ್ಪಾಗಿದ್ದರೆ ಅದು ಹಣ್ಣಾಗುವುದಿಲ್ಲವೆಂದೇ ಲೆಕ್ಕ. ಬಲೆಯನ್ನೂ ಕಾಯಿ ಕಚ್ಚಿದ ಮೇಲೆಯೇ ಕಟ್ಟುತ್ತೇನೆ, ಜೇನುನೊಣ ಬಂದುಹೋಗಬೇಕಲ್ಲ. ಬಲೆ ಸಡಿಲವಾದರೆ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಬಿಗಿಯಾಗಿ ಎಳೆದು ಗೂಟ ಹೊಡೆಯುವುದು. ಒಂದು ವರ್ಷ ಮೂಲೆಯಲ್ಲಿ ಒಂದು ಗೂಟ ಕಿತ್ತುಹೋಗಿದ್ದನ್ನು ನಾನು ನೋಡಿರಲಿಲ್ಲ, ಕಪ್ಪುಹಕ್ಕಿ ನೋಡಿತ್ತು. ಬೆಳಗಿನ ಐದಕ್ಕೆ ಹೋದರೂ ಅದು ನನಗಿಂತ ಮೊದಲೇ ತಿಂಡಿ ಮುಗಿಸಿರುತ್ತಿತ್ತು.

ಇಲ್ಲಿನ ಗೂಸ್‌ಬೆರಿ ನಮ್ಮ ನೆಲ್ಲಿಯಲ್ಲ, ಮುಳ್ಳುಪೊದೆಯ ಹಣ್ಣು. ಅದನ್ನು ಜೂನಿನಲ್ಲಿ ಒಂದು ಬಿಟ್ಟು ಒಂದು ಕಿತ್ತರೆ ಉಳಿದವು ದಪ್ಪವಾಗುತ್ತವೆ, ಕಿತ್ತ ಹುಳಿಗಾಯಿ ಬೇಯಿಸಲು ಬರುತ್ತದೆ. ರೂಬಾರ್ಬ್ ಎಂಬ ಗಿಡದ ಹುಳಿ ದಂಟನ್ನು ಕೊಯ್ಯಬಾರದು, ಬುಡ ಹಿಡಿದು ತಿರುಚಿ ಎಳೆಯಬೇಕು. ಎಲೆ ವಿಷ, ಅದನ್ನು ತಿನ್ನುವಂತಿಲ್ಲ. ಜೂನ್ ಕೊನೆಯ ಮೇಲೆ ಗಿಡವನ್ನು ಸುಮ್ಮನೆ ಬಿಡುತ್ತೇನೆ. ಝುಕಿನಿ ನಾಲ್ಕು ಮಂದಿಯ ಮನೆಗೆ ಎರಡು ಗಿಡ ಸಾಕು. ನಾನು ಒಮ್ಮೆ ಏಳು ನೆಟ್ಟೆ. ಆಗಸ್ಟ್ ಹೊತ್ತಿಗೆ ಪರಿಚಯದವರು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು.

ನೀರಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಪೈಪ್ ಹಿಡಿಯುವಂತಿಲ್ಲ. ತೊಟ್ಟಿಯಿಂದ 10 ಲೀಟರಿನ ಡಬ್ಬದಲ್ಲಿ ಹೊರಬೇಕು. ಮೊದಮೊದಲು ದಿನಾ ಸಂಜೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಚಿಮುಕಿಸಿ ಪುಣ್ಯ ಕಟ್ಟಿಕೊಂಡಂತೆ ಮನೆಗೆ ಬರುತ್ತಿದ್ದೆ. ಒಮ್ಮೆ ಬೆರಳು ಚುಚ್ಚಿ ನೋಡಿದರೆ ಮೇಲಿನ ಅರ್ಧ ಅಂಗುಲ ಮಾತ್ರ ಒದ್ದೆ, ಕೆಳಗೆ ಹಿಟ್ಟಿನಂತಹ ಒಣ ಧೂಳು. ಬೇರು ನೀರು ಇರುವಲ್ಲಿಗೆ, ಅಂದರೆ ಮೇಲಕ್ಕೇ, ಬಂದು ಬಿಸಿಲಿಗೆ ಸಿಕ್ಕಿ ಸೊರಗುತ್ತಿತ್ತು. ಈಗ ವಾರಕ್ಕೊಮ್ಮೆ ಬುಡಕ್ಕೆ ಒಂದು ಪೂರ್ತಿ ಡಬ್ಬ, ಅದೂ ಬೆಳಿಗ್ಗೆ, ಏಕೆಂದರೆ ರಾತ್ರಿಯ ಒದ್ದೆ ಮಣ್ಣು ಎಂದರೆ ಸ್ಲಗ್‌ಗಳಿಗೆ ರತ್ನಗಂಬಳಿ.

ಈ ಸಲ ಮೊದಲ ಆಲೂಗಡ್ಡೆ ಅಗೆದದ್ದು ಜೂನ್ 24ಕ್ಕೆ, ನೆಟ್ಟು ಹನ್ನೆರಡು ವಾರಕ್ಕೆ. ಹೂ ಬಿಟ್ಟ ಗಿಡದ ಬುಡದಲ್ಲಿ ಮೊದಲು ಕೈ ತೂರಿಸಿ ತಡಕಿದೆ. ಕೋಳಿಮೊಟ್ಟೆ ಗಾತ್ರದ್ದು ಬೆರಳಿಗೆ ಸಿಕ್ಕ ಮೇಲೆ ಸಲಿಕೆಯನ್ನು ಒಂದು ಮೊಳ ದೂರದಲ್ಲಿ ಊರಿ ಎತ್ತಿದೆ. ಒಂದು ಗಿಡಕ್ಕೆ ಹದಿಮೂರು. ಸಿಪ್ಪೆ ಎಷ್ಟು ಎಳೆಯದೆಂದರೆ ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತಿತ್ತು. ನಾಲ್ಕು ಗಿಡ ಕಿತ್ತು, ಎರಡು ಹಿಡಿ ಪಕ್ಕದ ತಾಕಿನವರ ಬುಟ್ಟಿಗೆ ಹಾಕಿದೆ. ಅವರು ಒಂದನ್ನು ಎತ್ತಿ ನೋಡಿ, "ಆಕಾಶ ತಿಳಿಯಾಗಿದೆ" ಎಂದರು. ಈ ಸಲ ಇಬ್ಬರೂ ನಕ್ಕೆವು.

ಖಾಲಿಯಾದ ಸಾಲನ್ನು ಕೈಯಿಂದ ಮಟ್ಟಮಾಡಿ, ಮುರಿದ ಸಲಿಕೆ ಹಿಡಿಯನ್ನು ಚೂಪು ಮಾಡಿದ ಗೂಟದಿಂದ ಗೇಣಿಗೊಂದು ಕುಳಿ ಒತ್ತಿ, ಈರುಳ್ಳಿ ಜಾತಿಯ ಲೀಕ್‌ನ ಪೆನ್ಸಿಲ್ ದಪ್ಪದ ಸಸಿಗಳನ್ನು ಒಂದೊಂದಾಗಿ ಇಳಿಬಿಟ್ಟೆ. ಮಣ್ಣು ಮುಚ್ಚಲಿಲ್ಲ. ಕುಳಿ ತುಂಬ ನೀರು ಹೊಯ್ದೆ, ಅಷ್ಟೇ. ಉಳಿದ ಮಣ್ಣನ್ನು ಮಳೆ ಎಳೆದುಕೊಂಡು ಬಂದು ತುಂಬುತ್ತದೆ.