ಸುಸ್ತಿಗೊಂದು ನಂಬರ್: ಕೊಡಗಿನ ಮನೆಗಳಲ್ಲಿ ನನ್ನ ಅನುಭವ

ಮನೆಮನೆಗೆ ಹೋಗಿ ಪ್ಯಾಲಿಯೇಟಿವ್ ಕೇರ್, ಅಂದ್ರೆ ದೊಡ್ಡ ಕಾಯಿಲೆ ಇರೋರ ನೋವು-ಸಂಕಟ ಕಮ್ಮಿ ಮಾಡೋ ಆರೈಕೆ, ಕೊಡೋ ಟೀಮಲ್ಲಿ ನಾನು ನರ್ಸ್. ಸೋಮವಾರಪೇಟೆ ಕಡೆ ಒಂದಿಷ್ಟು ಮನೆ, ನಾಪೋಕ್ಲು ಕಡೆ ಒಂದಿಷ್ಟು. ಕ್ಯಾನ್ಸರ್‌ನವರು ಜಾಸ್ತಿ, ಜೊತೆಗೆ ಡಯಾಲಿಸಿಸ್‌ಗೆ ಹೋಗೋರು, ಹಾರ್ಟ್ ಫೇಲ್ಯೂರ್ ಇರೋರು. ನೋವೆಷ್ಟು ಅಂತ ಎಲ್ರನ್ನೂ ಕೇಳೋ ರೂಢಿ ಬಂದಿದೆ, ಸುಸ್ತೆಷ್ಟು ಅಂತ ಕೇಳೋರು ಕಮ್ಮಿ, ಪೇಷೆಂಟ್‌ಗಳೂ ಬಾಯಿಬಿಟ್ಟು ಹೇಳಲ್ಲ, ಕೀಮೋ ಅಂದ್ಮೇಲೆ ಅದೆಲ್ಲಾ ಇದ್ದಿದ್ದೇ ಅಂತ ಸುಮ್ನಾಗ್ತಾರೆ. ಆದ್ರೆ ಇದು ರಾತ್ರಿ ಚೆನ್ನಾಗಿ ಮಲಗಿದ್ರೂ ಬೆಳಗ್ಗೆ ಹಾಗೇ ಇರೋ ಸುಸ್ತು, ಎಷ್ಟೋ ಜನಕ್ಕೆ ನೋವಿಗಿಂತ ಇದೇ ಜಾಸ್ತಿ ಕಾಡೋದು.

ನಾನು ಬಳಸೋದು ಬ್ರೀಫ್ ಫಟೀಗ್ ಇನ್ವೆಂಟರಿ ಅನ್ನೋ ಸುಸ್ತು ಅಳೆಯೋ ಫಾರ್ಮ್, ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಸೆಂಟರ್‌ನವರು 1999ರಲ್ಲಿ ಪ್ರಕಟಿಸಿದ್ದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0 ರಿಂದ 10. ಮೊದಲ ಮೂರು ಪ್ರಶ್ನೆ ಸುಸ್ತು ಈಗೆಷ್ಟು, ಕಳೆದ 24 ಗಂಟೇಲಿ ಸಾಮಾನ್ಯವಾಗಿ ಎಷ್ಟು, ತೀರಾ ಜಾಸ್ತಿ ಆದಾಗ ಎಷ್ಟು ಅಂತ. ಉಳಿದ ಆರು ಅದರಿಂದ ಓಡಾಟ, ಕೆಲಸ, ಮನಸ್ಸು, ಜನರ ಜೊತೆ ಒಡನಾಟ ಎಷ್ಟು ಕೆಟ್ಟಿದೆ ಅಂತ. ಎಲ್ಲಾ ಕೂಡಿಸಿ ಸರಾಸರಿ ತೆಗೆದ್ರೆ ಮುಗೀತು. ಫ್ಯಾಸಿಟ್ ಫಟೀಗ್ ಸ್ಕೇಲ್ ಅಂತ ಸುಸ್ತಿಗೇ ಇನ್ನೊಂದು ಫಾರ್ಮ್ ಇದೆ, 13 ವಾಕ್ಯ, ಕಳೆದ 7 ದಿನದ ಲೆಕ್ಕ, ಒಟ್ಟು 0 ರಿಂದ 52. ಅದರಲ್ಲಿ ನಂಬರ್ ಏರಿದಷ್ಟೂ ಸುಸ್ತು ಕಮ್ಮಿ, ನಾನು ಬಳಸೋದರಲ್ಲಿ ಏರಿದಷ್ಟೂ ಜಾಸ್ತಿ, ಹೊಸದಾಗಿ ಸೇರಿದವರು ಎರಡನ್ನೂ ಒಂದೇ ಫೈಲಲ್ಲಿ ನೋಡಿ ತಲೆ ಕೆಡಿಸ್ಕೊಳ್ತಾರೆ. ಅದಕ್ಕೇ ಒಬ್ಬ ಪೇಷೆಂಟ್‌ಗೆ ಒಂದೇ ಫಾರ್ಮ್, ಮಧ್ಯೆ ಬದಲಾಯಿಸಲ್ಲ.

ನಂಬರ್ ಹೇಳೋಕೆ ಬರಲ್ಲ ಅನ್ನೋ ವಯಸ್ಸಾದವರಿಗೆ ಹಾಳೆ ಹಿಂದೆ ಮೆಣಸು ಕುಯ್ಯೋ ಏಣಿ ಬರೆದು ತೋರಿಸ್ತೀನಿ, ಕೆಳಗೆ ನೆಲದ ಮೇಲಿದ್ರೆ ಸುಸ್ತೇ ಇಲ್ಲ, ತುದಿ ಮೆಟ್ಟಿಲು ಅಂದ್ರೆ ಇನ್ನು ಆಗೋದೇ ಇಲ್ಲ. ಪ್ರಶ್ನೆ ಮಾತ್ರ ಫಾರ್ಮಲ್ಲಿ ಇರೋ ಹಾಗೇ ಓದ್ತೀನಿ.

ಫಾರ್ಮ್ ತುಂಬೋದು ಸುಲಭ, ಯಾವ ದಿನ ಕೇಳಿದ್ವಿ ಅನ್ನೋದರಲ್ಲೇ ಎಲ್ಲಾ ಇರೋದು. ಮೂರು ವಾರಕ್ಕೊಂದು ಕೀಮೋ ಇದ್ರೆ ಸಾಮಾನ್ಯವಾಗಿ ಡೋಸ್ ಆದ ಮೊದಲ ಕೆಲವು ದಿನ ಸುಸ್ತು ಜಾಸ್ತಿ, ಮುಂದಿನ ಡೋಸ್ ಹತ್ರ ಬರೋ ಹೊತ್ತಿಗೆ ಇಳಿದಿರತ್ತೆ. ಮೈಸೂರಲ್ಲಿ ಕೀಮೋ ಮುಗಿಸಿ ಬಸ್ಸಲ್ಲಿ ಘಾಟಿ ಹತ್ತಿ ಬಂದ ಮಾರನೇ ದಿನ ಒಂದ್ಸಲ ಕೇಳಿ, ಇನ್ನೊಂದ್ಸಲ ಮೂರನೇ ವಾರದಲ್ಲಿ ಕೇಳಿದ್ರೆ 8 ಇದ್ದಿದ್ದು 3 ಆಗಿರತ್ತೆ, ನಾವು ಕೊಟ್ಟ ಟಾನಿಕ್ಕಿಂದ ಇಳೀತು ಅಂತ ಖುಷಿ ಪಡ್ಬೇಕು ಅಷ್ಟೇ. ರೇಡಿಯೇಶನ್‌ದು ಬೇರೆ ಕಥೆ, ವಾರದಿಂದ ವಾರಕ್ಕೆ ಕೂಡ್ತಾ ಹೋಗಿ ಕೊನೆ ಹೊತ್ತಿಗೆ ಜಾಸ್ತಿ ಆಗತ್ತೆ. ಡಯಾಲಿಸಿಸ್‌ನವರಲ್ಲಿ ಎಷ್ಟೋ ಜನಕ್ಕೆ ಮಿಷನ್ನಿಂದ ಎದ್ದು ಬಂದ ಸಂಜೆ ಕೂರೋಕೂ ಆಗಲ್ಲ. ಹಾಗಾಗಿ ಕೀಮೋ ಆಗಿ ಎಷ್ಟನೇ ದಿನ, ಬೆಳಗ್ಗೆಯೋ ಸಂಜೆಯೋ, ಇದನ್ನ ನಂಬರ್ ಪಕ್ಕದಲ್ಲೇ ಬರೀತೀನಿ, ಆದಷ್ಟೂ ಅದೇ ದಿನಕ್ಕೆ ಹೊಂದಿಸಿ ಮತ್ತೆ ಹೋಗ್ತೀನಿ.

ಇನ್ನೊಂದು, ಸೊನ್ನೆ ಅಂದವರನ್ನ ಅಲ್ಲಿಗೇ ಬಿಡಬಾರದು. ಒಬ್ಬ ಅಜ್ಜ, “ಸುಸ್ತಾ? ಏನೂ ಇಲ್ಲ ಸಿಸ್ಟರ್, ಸೊನ್ನೆ ಬರ್ಕೊಳ್ಳಿ” ಅಂದ್ರು.

“ಗದ್ದೆ ಕಡೆ ಹೋಗ್ತೀರಾ ಅಜ್ಜ?”

“ಅಯ್ಯೋ, ಅದೆಲ್ಲಾ ಬಿಟ್ಟಾಯ್ತು.”

“ಸ್ನಾನ?”

“ಸೊಸೆ ನೀರು ಕಾಯಿಸಿಡ್ತಾಳೆ, ಸ್ಟೂಲ್ ಮೇಲೆ ಕೂತು ಮಾಡ್ತೀನಿ, ಆಮೇಲೆ ಮಧ್ಯಾಹ್ನದವರೆಗೂ ಮಲಗ್ತೀನಿ.”

ಏನೂ ಮಾಡದೇ ಇರೋದ್ರಿಂದ ಸುಸ್ತು ಕಾಣ್ತಿಲ್ಲ. ಅವರು ಹೇಳಿದ ಸೊನ್ನೆ ನಾನು ತಿದ್ದಲ್ಲ, ತಿದ್ದೋಕೆ ನಾನ್ಯಾರು, ಆದ್ರೆ ಕೆಳಗಿನ ಆರು ಪ್ರಶ್ನೆನ ಆತುರ ಮಾಡದೆ ಕೇಳ್ತೀನಿ, ಅಲ್ಲಿ ಅವರೇ 7, 8 ಅಂತ ಹೇಳಿದ್ರು.

ತೋಟದ ಕೆಲಸದವರು ಇರೋ ಲೈನ್ ಮನೆಗಳಲ್ಲಿ ಮತ್ತೊಂದು ಥರ. ಡಿಸೆಂಬರ್‌ನಿಂದ ಕಾಫಿ ಕುಯ್ಲು ಜೋರು, ಸುಸ್ತು ಅಂದ್ರೆ ಕೆಲಸಕ್ಕೆ ಕರೆಯಲ್ವೇನೋ ಅಂತ ಹೆದರಿಕೆ, ಮೇಸ್ತ್ರಿ ಕಿವಿಗೆ ಬೀಳೋ ಕಡೆ ಕೇಳಿದ್ರೆ ಎಲ್ರದ್ದೂ 2. ಅದೇ ಅಕ್ಕನ್ನ ಒಳಗೆ ಒಲೆ ಮುಂದೆ ಕೂರಿಸಿ ಕೇಳಿದ್ರೆ ಉತ್ತರ ಬೇರೆ. ಮನೆಯವರು ಪಕ್ಕದಲ್ಲಿ ನಿಂತು ಪೇಷೆಂಟ್ ಪರವಾಗಿ ಉತ್ತರ ಕೊಡೋದೂ ಇದೆ, ಅವರು ಹೇಳೋದು ಸಾಮಾನ್ಯವಾಗಿ ಜಾಸ್ತಿನೇ ಇರತ್ತೆ, ಅವರಿಗೆ ಒಂದು ಲೋಟ ಕಾಫಿ ಮಾಡೋಕೆ ಹೇಳಿ ಒಳಗೆ ಕಳಿಸ್ತೀನಿ (ಕೊಡಗಲ್ಲಿ ಇದಕ್ಕೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ).

4 ದಾಟಿದ್ರೆ ಡಾಕ್ಟರ್‌ಗೆ ಹೇಳ್ತೀನಿ, 7ರಿಂದ ಮೇಲೆ ಇದ್ರೆ ಅವತ್ತೇ ಫೋನ್. ಹಿಮೋಗ್ಲೋಬಿನ್, ಥೈರಾಯ್ಡ್, ನೋವು, ನಿದ್ದೆ, ಊಟ, ಮನಸ್ಸಿಗೆ ಬೇಜಾರು, ನಿದ್ದೆ ಬರಿಸೋ ಮಾತ್ರೆಗಳು, ಇವನ್ನೆಲ್ಲಾ ನೋಡ್ಬೇಕು, ಯಾಕಂದ್ರೆ ಇದರಲ್ಲಿ ಸುಮಾರಷ್ಟು ಸರಿ ಮಾಡೋಕಾಗತ್ತೆ. ಬೇರೇನೂ ಸಿಗದೇ ಹೋದ್ರೆ, ಡಾಕ್ಟರ್ ಬೇಡ ಅನ್ನದೇ ಇದ್ರೆ, ಸ್ವಲ್ಪ ಸ್ವಲ್ಪ ನಡಿಗೆ. ಮಲಗಿಸಿಯೇ ಇಟ್ರೆ ಸುಸ್ತು ಜಾಸ್ತಿನೇ ಆಗೋದು, ಇದನ್ನ ಮನೆಯವರಿಗೆ ಒಪ್ಪಿಸೋದೇ ಕಷ್ಟ. ನಮ್ಮಲ್ಲಿ ಮನೆಯಿಂದ ಆಚೆ ಕಾಲಿಟ್ರೆ ಏರೋ ಇಳಿಜಾರೋ ಇರತ್ತೆ, ಹಾಗಾಗಿ ಕಾಫಿ ಒಣಗಿಸೋ ಕಣದಲ್ಲೇ ಎರಡು ಸುತ್ತು ಹಾಕಿ ಅಂತೀನಿ, ಸಮತಟ್ಟಾಗಿರೋ ಜಾಗ ಅಂದ್ರೆ ಅದೊಂದೇ.

ಜೂನ್‌ನಿಂದ ಮಳೆ ಹಿಡಿದ್ರೆ ಕೆಲವು ಮನೆಗಳಿಗೆ ಜೀಪ್ ಹೋಗಲ್ಲ, ಆಗ ನೆಟ್‌ವರ್ಕ್ ಸಿಕ್ಕಿದ ದಿನ ಫೋನಲ್ಲೇ ಕೇಳ್ತೀನಿ. ಹಾಗೆ ಕೇಳಿದ್ದಕ್ಕೆ ಪಕ್ಕದಲ್ಲಿ ಫೋನ್ ಅಂತ ಬರೆದಿಡ್ತೀನಿ, ಎದುರಿಗೆ ಕೂತು ಕೇಳಿದ ನಂಬರ್ ಜೊತೆ ಹೋಲಿಸಲ್ಲ.