ಯುದ್ಧದ ಚಿತ್ರಪುಸ್ತಕ ಕೊಳ್ಳೋ ಮುಂಚೆ ಇದನ್ನು ನೋಡಿ

ಟಿಪ್ಪು ಕಾಲದ ಯುದ್ಧಗಳ ಬಗ್ಗೆ ಹೊಸ ಚಿತ್ರಪುಸ್ತಕ ಕೈಗೆ ಬಂತಾ? ರಟ್ಟು ನೋಡಿ ಮರುಳಾಗಬೇಡಿ. ಮೊದಲು ಪೊಳ್ಳಿಲೂರು ಯುದ್ಧದ ಚಿತ್ರ ಇರೋ ಪುಟ ತೆಗೆಯಿರಿ.

ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಆ ಯುದ್ಧವನ್ನು ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಾಗ್‌ನ ಪಶ್ಚಿಮ ಗೋಡೆಯ ಮೇಲೆ ಬಿಡಿಸಿದ್ದಾರೆ. ತುಂಬಾ ಉದ್ದದ ಚಿತ್ರ ಅದು. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿ (Baillie), ಸಿಡಿಯುತ್ತಿರುವ ಮದ್ದಿನ ಗಾಡಿ, ಸಾಲು ಸಾಲು ಕುದುರೆಗಳು, ಇವೆಲ್ಲ ಬಿಡಿಬಿಡಿಯಾಗಿ ಕಾಣಬೇಕು. ಎರಡು ಪುಟಕ್ಕೆ ಹರಡಿದ್ದರೆ ನಡುವಿನ ಹೊಲಿಗೆಯಲ್ಲಿ ಏನು ನುಂಗಿಹೋಗಿದೆ ಅಂತ ಪುಸ್ತಕ ಪೂರ್ತಿ ಬಿಡಿಸಿ ನೋಡಿ.

ಆಮೇಲೆ ಚಿತ್ರದ ಕೆಳಗಿನ ಬರಹ. ಇದೇ ಮುಖ್ಯ. ಯಾರು ಬಿಡಿಸಿದ್ದು, ಯಾವಾಗ, ಈಗ ಎಲ್ಲಿದೆ ಅಂತ ಹೇಳಬೇಕು. ಟಿಪ್ಪುವಿನ ಶವ ಸಿಕ್ಕ ದೃಶ್ಯವನ್ನು ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿ ಬಿಡಿಸಿ ಮುಗಿಸಿದ್ದು 1839ರಲ್ಲಿ, ಅಂದರೆ ಟಿಪ್ಪು ಸತ್ತ 40 ವರ್ಷದ ನಂತರ! ಆ ವರ್ಷ ಹಾಕದೇ ಇದ್ದರೆ ಓದುಗರು ಅದನ್ನು ಕಣ್ಣಾರೆ ಕಂಡ ಚಿತ್ರ ಅಂದ್ಕೊಳ್ತಾರೆ, ಅಲ್ವಾ? ಅಂಥ ಪುಸ್ತಕಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಸಾಧ್ಯವಾದರೆ ಪುಸ್ತಕ ಹಿಡ್ಕೊಂಡೇ ಶ್ರೀರಂಗಪಟ್ಟಣಕ್ಕೆ ಹೋಗಿ, ಗೋಡೆಯ ಮುಂದೆ ನಿಂತು ಬಣ್ಣ ಹೋಲಿಸಿ.