ಬಿ.ಪಿ.ಎಡ್.ಗೆ ಸಾಲ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಡಿಗ್ರಿ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಅಡ್ಮಿಷನ್ ಸಮಯಕ್ಕೆ ಬಂದು ಕೇಳುತ್ತಾರೆ: "ಮೇಡಂ, ಬಿ.ಪಿ.ಎಡ್. ಮಾಡ್ಲಾ? ಸಾಲ ತಗೊಂಡ್ರೆ ತೀರ್ಸಕ್ಕಾಗತ್ತಾ?" ಬಿ.ಪಿ.ಎಡ್. ಅಂದರೆ ಡಿಗ್ರಿ ಆದಮೇಲೆ ಪಿ.ಟಿ. ಟೀಚರ್ ಆಗಲು ಓದುವ ಎರಡು ವರ್ಷದ ಕೋರ್ಸು. ನಾನು ಬೆಂಗಳೂರಿನ ನಾಗರಬಾವಿ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಈ ಕೆಲಸವೆಂದರೆ ನನಗೆ ಪ್ರಾಣ, ಹಾಗಾಗಿ ಬೇಡ ಎಂದು ಯಾರಿಗೂ ಹೇಳುವುದಿಲ್ಲ. ಮೊದಲ ವರ್ಷದ ಸಂಬಳ ಎಷ್ಟು ಹೊರುತ್ತದೋ ಅಷ್ಟೇ ಸಾಲ ಮಾಡಿ ಎನ್ನುತ್ತೇನೆ. ಅದನ್ನು ಕಂಡುಕೊಳ್ಳುವ ಬಗೆ ಹೀಗೆ.

ಮೊದಲು ಕಾಲೇಜಿಗೆ ಎನ್‌ಸಿಟಿಇ, ಅಂದರೆ ಶಿಕ್ಷಕರ ತರಬೇತಿ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ಅದಿಲ್ಲದ ಡಿಗ್ರಿಯಿಂದ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಲೂ ಆಗದು. ಮಾನ್ಯತೆ ಇಲ್ಲ ಅಂದರೆ ಮುಂದಿನ ಲೆಕ್ಕವೇ ಬೇಡ.

ಆಮೇಲೆ ಖರ್ಚು. ಕಾಲೇಜಿನವರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಫೀಸು ಮಾತ್ರ ಇರುತ್ತದೆ. ಅದರ ಕೆಳಗೆ ನೀವೇ ಬರೆದುಕೊಳ್ಳಿ: ಎರಡು ವರ್ಷದ ಪಿಜಿ ಬಾಡಿಗೆ, ಟ್ರ್ಯಾಕ್ ಸೂಟು, ಸ್ಪೈಕ್ಸು, ಕ್ಯಾಂಪು, ಟೂರ್ನಮೆಂಟಿಗೆ ಓಡಾಟ, ಟೀಚಿಂಗ್ ಪ್ರಾಕ್ಟೀಸಿಗೆ ಬೇರೆ ಶಾಲೆಗೆ ಹೋಗಿಬರುವ ಬಸ್ ಚಾರ್ಜು. ಮೊಟ್ಟೆ, ಹಾಲು, ಬಾಳೆಹಣ್ಣನ್ನೂ ಬಿಡಬೇಡಿ. ಬೆಳಗ್ಗೆ ಓಡಿ ಸಂಜೆ ಆಡುವ ಮಕ್ಕಳ ಊಟದ ಖರ್ಚು ಬೇರೆ ಕೋರ್ಸಿನವರಿಗಿಂತ ಜಾಸ್ತಿಯೇ. ಬೆಂಗಳೂರಿನಲ್ಲೇ ಮನೆ ಇದ್ದವರು ಜ್ಞಾನಭಾರತಿಯಲ್ಲಿರುವ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಕಾಲೇಜಿಗೆ ಮೊದಲು ಅರ್ಜಿ ಹಾಕಿ, ಅಲ್ಲಿ ಸಿಗದಿದ್ದರೆ ಮಾತ್ರ ಖಾಸಗಿ ಕಾಲೇಜು ನೋಡಿ.

ಇನ್ನು ಸಂಬಳ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಎಲ್ಲರೂ ಜಾರುವುದು ಇಲ್ಲೇ. ಕಾಲೇಜಿನವರು ಹೇಳುವ ಸಂಬಳವನ್ನು ಬರೆದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಅದೇ ಕಾಲೇಜಿನಿಂದ ಹೊರಬಿದ್ದವರನ್ನು ಹುಡುಕಿ, ನಾಲ್ಕೈದು ಜನರ ಹತ್ತಿರ ಮಾತಾಡಿ. ಬೆಳಗ್ಗೆ ಆರಕ್ಕೆ ಯಾವುದಾದರೂ ಮೈದಾನಕ್ಕೆ ಹೋದರೆ ಒಬ್ಬಿಬ್ಬರಾದರೂ ಸಿಕ್ಕೇ ಸಿಗುತ್ತಾರೆ. "ಸಂಬಳ ಎಷ್ಟು?" ಅಂತ ಕೇಳಬೇಡಿ. "ಕೈಗೆ ಎಷ್ಟು ಬರತ್ತೆ, ವರ್ಷದಲ್ಲಿ ಎಷ್ಟು ತಿಂಗಳು ಬರತ್ತೆ?" ಅಂತ ಕೇಳಿ.

ತಿಂಗಳಿಗೆ 20,000 ಎಂದು ನೇಮಕಾತಿ ಆರ್ಡರಿನಲ್ಲಿದೆ ಅಂದುಕೊಳ್ಳಿ. ಅದರಲ್ಲಿ 15,000 ಬೇಸಿಕ್ (ಮೂಲ ವೇತನ), ಅದರ ಮೇಲೆ 12% ಪಿಎಫ್ ಅಂದರೆ 1,800 ಹೋಯಿತು. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಪೂರ್ತಿ 20,000ದ 0.75%, ಅಂದರೆ 150. ಕೈಗೆ ಬಂದದ್ದು 18,050. ಬೇಸಿಗೆ ರಜೆಯ ಎರಡು ತಿಂಗಳು ಸಂಬಳ ಕೊಡದ ಶಾಲೆಗಳೂ ಇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹಾಗೇ ಆಗಿತ್ತು; ಏಪ್ರಿಲ್, ಮೇ ಕಳೆಯುವಷ್ಟರಲ್ಲಿ ಸಾಕುಸಾಕಾಗಿತ್ತು. ಹತ್ತೇ ತಿಂಗಳು ಬಂದರೆ ವರ್ಷಕ್ಕೆ 1,80,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 15,040. ನೀವು ನಂಬಬೇಕಾದ ಸಂಬಳ ಇದು.

ಈಗ ಸಾಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಆಸ್ತಿ ಅಡ ಕೇಳುವುದಿಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಆಯಿತು. ಆ ಸಹಿ ಹಗುರವಾದದ್ದಲ್ಲ. ಕಂತು ತಪ್ಪಿದರೆ ಅಪ್ಪನ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ತೀರಿಸುತ್ತಾರೆಯೇ ಎಂದು ಬ್ಯಾಂಕಿನವರು ನೋಡುವ ಅಂಕ) ಬೀಳುತ್ತದೆ, ನಾಳೆ ತಂಗಿಯ ಓದಿಗೆ ಸಾಲ ಕೇಳುವಾಗ ಅದೇ ಅಡ್ಡ ಬರುತ್ತದೆ.

ವರ್ಷಕ್ಕೆ ಒಂದೂವರೆ ಲಕ್ಷದಂತೆ 3 ಲಕ್ಷ, ಬಡ್ಡಿ 10% ಅಂತಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನಲ್ಲಿ ಹೇಳುತ್ತಾರೆ. ಕಂತು ಇಲ್ಲ ನಿಜ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ: ಮೊದಲ ವರ್ಷ 15,000, ಮುಂದಿನ ಎರಡು ವರ್ಷ ತಲಾ 30,000. ಕಂತು ಶುರುವಾಗುವ ದಿನ ನಿಮ್ಮ ಸಾಲ 3,75,000. ಏಳು ವರ್ಷಕ್ಕೆ ತೀರಿಸಿದರೆ ತಿಂಗಳಿಗೆ ಸುಮಾರು 6,225. ಐದು ವರ್ಷಕ್ಕಾದರೆ 7,970ರ ಹತ್ತಿರ. 15,040ರಲ್ಲಿ 6,225 ಕಟ್ಟಿ, ಉಳಿದ 8,800 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಬಾಡಿಗೆ, ಊಟ, ಬಸ್ಸು ಎಲ್ಲ ಆಗಬೇಕು. ಅಪ್ಪ ಅಮ್ಮನ ಮನೆಯಲ್ಲೇ ಇರುವವರು ಹೇಗೋ ತೂಗಿಸಬಹುದು. ಹಾಸನದಿಂದಲೋ ಕೋಲಾರದಿಂದಲೋ ಬಂದು ಪಿಜಿಯಲ್ಲಿ ಇರುವವರಿಗೆ ಅದು ಆಗದ ಮಾತು.

ನನ್ನ ಮಟ್ಟಿಗೆ, ಕಂತು ಆ ತಿಂಗಳ ಸರಾಸರಿಯ ಐದನೇ ಒಂದು ಭಾಗ ದಾಟಬಾರದು. ಇಲ್ಲಿ ಅದು 3,000. ಏಳು ವರ್ಷದ ಅವಧಿಗೆ 10%ರಲ್ಲಿ ಒಂದು ಲಕ್ಷಕ್ಕೆ ಸುಮಾರು 1,660 ಕಂತು ಬರುತ್ತದೆ. ಹಾಗಾದರೆ ನೀವು ಹೊರಬಲ್ಲ ಸಾಲ, ಕಂತು ಶುರುವಾಗುವ ದಿನದವರೆಗಿನ ಬಡ್ಡಿಯೂ ಸೇರಿ, ಸುಮಾರು 1,80,000. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದೇ.

ಓದುವಾಗಲೇ ಬಡ್ಡಿ ಕಟ್ಟಿಬಿಟ್ಟರೆ ತುಂಬಾ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 1,250 ಅಷ್ಟೇ. ಶನಿವಾರ, ಭಾನುವಾರ ಅಪಾರ್ಟ್‌ಮೆಂಟ್ ಮಕ್ಕಳಿಗೆ ಸ್ಕೇಟಿಂಗೋ ಬ್ಯಾಡ್ಮಿಂಟನ್ನೋ ಹೇಳಿಕೊಟ್ಟು ಅಷ್ಟು ದುಡಿಯುವುದು ಈ ಊರಿನಲ್ಲಿ ಕಷ್ಟವಲ್ಲ. ಕಂತು ಶುರುವಾಗುವವರೆಗೂ ಹಾಗೆ ಬಡ್ಡಿ ಕಟ್ಟುತ್ತಾ ಹೋದವರ ಸಾಲ 3 ಲಕ್ಷದಲ್ಲೇ ನಿಲ್ಲುತ್ತದೆ, ಕಂತು 4,980ಕ್ಕೆ ಇಳಿಯುತ್ತದೆ.

ಸಂಜೆ ಕೋಚಿಂಗಿನ ದುಡ್ಡನ್ನು ಮಾತ್ರ ಕಂತಿನ ಲೆಕ್ಕಕ್ಕೆ ಹಿಡಿಯಬೇಡಿ. ಅದು ನಿಮ್ಮ ಮೊಣಕಾಲಿನ ಮೇಲೆ ನಿಂತ ದುಡ್ಡು. ಲಿಗಮೆಂಟ್ ಹರಿದು ಆಪರೇಷನ್ ಆದರೆ ತಿಂಗಳುಗಟ್ಟಲೆ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಶಾಲೆಯವರು ಕೂತು ಮಾಡುವ ಕೆಲಸ ಕೊಟ್ಟಾರು, ಅಪಾರ್ಟ್‌ಮೆಂಟಿನವರು ಬೇರೆ ಕೋಚ್ ನೋಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಕ್ಲಾಸು ನಿಲ್ಲುವುದೂ ಉಂಟು.

"ಕಾಲೇಜಿನಲ್ಲಿ ಪಿ.ಇ. ಡೈರೆಕ್ಟರ್ ಆದರೆ?" ಎಂದು ಕೇಳುವವರಿದ್ದಾರೆ. ಕಾಲೇಜು ಅಧ್ಯಾಪಕರಿಗಿರುವ ಯುಜಿಸಿ ವೇತನದಲ್ಲಿ ಶುರುವಿನ ಬೇಸಿಕ್ಕೇ 57,700. ಅಲ್ಲಿಗೆ ಹೋಗಲು ಇನ್ನೂ ಎರಡು ವರ್ಷದ ಎಂ.ಪಿ.ಎಡ್.ನಲ್ಲಿ 55% ಬೇಕು, ಎನ್‌ಇಟಿ ಅಥವಾ ಕೆ-ಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಫಿಟ್‌ನೆಸ್ ಟೆಸ್ಟೂ ಇದೆ: 30 ವರ್ಷದೊಳಗಿನ ಗಂಡಸರಿಗೆ 12 ನಿಮಿಷದಲ್ಲಿ 1,800 ಮೀಟರ್, ಹೆಂಗಸರಿಗೆ 8 ನಿಮಿಷದಲ್ಲಿ 1,000 ಮೀಟರ್. ಖಂಡಿತ ಪ್ರಯತ್ನ ಮಾಡಿ. ಆ ಆಸೆಯ ಮೇಲೆ ಬಿ.ಪಿ.ಎಡ್. ಸಾಲ ದೊಡ್ಡದು ಮಾಡಿಕೊಳ್ಳಬೇಡಿ. ಸರ್ಕಾರಿ ಹೈಸ್ಕೂಲಿನ ನೇಮಕಾತಿಗೂ ಇದೇ ಮಾತು, ಅದು ಯಾವಾಗ ಬರುತ್ತದೆ ಎಂದು ಯಾರ ಕೈಯಲ್ಲೂ ಇಲ್ಲ.

ಲೆಕ್ಕ ಕೂಡದಿದ್ದರೆ ಒಂದು ವರ್ಷ ತಡೆಯಿರಿ. ಸ್ಪೋರ್ಟ್ಸ್ ಅಕಾಡೆಮಿಯಲ್ಲಿ ಅಸಿಸ್ಟೆಂಟ್ ಕೋಚ್ ಆಗಿ ದುಡಿದು ಮೊದಲ ವರ್ಷದ ಫೀಸು ಕೂಡಿಟ್ಟುಕೊಂಡು ಸೇರಿ. ಸಾಲದ ಅರ್ಜಿಯಲ್ಲಿ ಪೂರ್ತಿ ಮೊತ್ತ ಮಂಜೂರಾದರೂ ಎರಡನೇ ವರ್ಷದ ಹಣವನ್ನು ಅಗತ್ಯವಿದ್ದಷ್ಟೇ ಬಿಡಿಸಿಕೊಳ್ಳಿ. ಬಿಡಿಸಿಕೊಳ್ಳದ ಹಣಕ್ಕೆ ಬಡ್ಡಿ ಓಡುವುದಿಲ್ಲ.